ಎಲೆ ಅಗಿದು ನೋಡುತ್ತಿದ್ದ ಮೇಸ್ತ್ರಿ ತಾತ

ಮೊನ್ನೆ ಸೊಸೆ ಇರುವೆಗೆಂದು ತಂದ ಪುಡಿಯ ಪೊಟ್ಟಣ ಒಡೆದಳು. ಆ ಮುಗ್ಗಲು ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಎಷ್ಟೋ ವರ್ಷವಾಯಿತು... ಆದರೂ ಆ ವಾಸನೆ ಬಂದರೆ ಮೇಸ್ತ್ರಿ ತಾತನ ಮುಖವೇ ಕಣ್ಣಿಗೆ ಕಟ್ಟುತ್ತದೆ.

ನಾನು ಮದುವೆಯಾಗಿ ಕೃಷ್ಣಮೂರ್ತಿಪುರಂಗೆ ಬಂದದ್ದು ಐವತ್ತರ ದಶಕದಲ್ಲಿ. ತಾತ ಅರಮನೆ ತೋಟದಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ನಮ್ಮ ಬೀದಿಗೆ ಬಂದರೆ ಪ್ರತಿ ಮನೆಯ ಹಿತ್ತಲನ್ನೂ ನೋಡದೆ ಹೋಗುತ್ತಿರಲಿಲ್ಲ. ಬಚ್ಚಲ ನೀರನ್ನು ಬಾಳೆಗೆ ತಿರುಗಿಸುವುದು, ಒಣಗಿದೆಲೆಗೆ ಬೆಂಕಿಯಿಡದೆ ಗುಂಡಿಗೆ ತುಂಬುವುದು, ಹುಳಕ್ಕೆ ಹೊಗೆಸೊಪ್ಪಿನ ನೀರು ಎರಚುವುದು, ಎಲ್ಲ ಅವರೇ ಕಲಿಸಿದ್ದು. ಒಂದು ಲೋಟ ಕಾಫಿ ಕೊಟ್ಟರೆ ಅವರಿಗೆ ಅಷ್ಟೇ ಸಾಕು.

ಅವರ ಪರೀಕ್ಷೆಯೇ ಬೇರೆ. ಕರಿಬೇವಿನ ಕುಡಿ ಚಿವುಟಿ, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ನೀರು ಹೆಚ್ಚಾಯಿತೋ ಗೊಬ್ಬರ ಸಾಲದೋ, ನಾಲಿಗೆಯಿಂದಲೇ ಹೇಳುತ್ತಿದ್ದರು. ನಮ್ಮೆಜಮಾನರು "ಬರೀ ಬೊಗಳೆ" ಎಂದು ನಗುತ್ತಿದ್ದವರು, ತಾತ ಹೇಳಿದಂತೆ ಮಾಡಿದ ಗಿಡ ಚಿಗುರಿದ ಮೇಲೆ ಬಾಯಿ ಮುಚ್ಚಿಕೊಂಡರು. ಆಗ ಹೊಸದಾಗಿ ಪೇಟೆಗೆ ಬಂದಿದ್ದ, ಇದೇ ಮುಗ್ಗಲು ವಾಸನೆಯ, ಹುಳ ಕೊಲ್ಲುವ ಬಿಳಿ ಪುಡಿಯನ್ನು ಕಂಡರೆ ಮಾತ್ರ ತಾತನಿಗೆ ಆಗುತ್ತಿರಲಿಲ್ಲ. "ನಿಮ್ ಮಕ್ಕಳ ಬಾಯ್ಗೆ ಹಾಕಕ್ಕಾಗ್ದೇ ಇರೋದ್ನ ಗಿಡಕ್ಯಾಕ್ರವ್ವ ಹಾಕೀರಿ?" ಎಂದು ರೇಗುತ್ತಿದ್ದರು.

ಒಂದು ವರ್ಷ ದಸರೆಗೆ ಮನೆ ಕೈತೋಟಗಳ ಸ್ಪರ್ಧೆಗೆ ನಾನೂ ಹೆಸರು ಕೊಟ್ಟಿದ್ದೆ. ತೀರ್ಪುಗಾರರು ಬರಲು ವಾರವಿದೆ ಎನ್ನುವಾಗ ಕರಿಬೇವಿಗೆ ಹಸಿರು ಹುಳ ಬಿತ್ತು. ಹೊಗೆಸೊಪ್ಪು ನೆನೆಹಾಕಿ ಕಾಯುವ ತಾಳ್ಮೆ ನನಗೆಲ್ಲಿತ್ತು! ಯಾರಿಗೂ ಹೇಳದೆ ಪುಡಿ ತಂದು ಉದುರಿಸಿದೆ. ಹುಳಗಳು ಪಟಪಟನೆ ಬಿದ್ದವು. ಮರುದಿನದ ತುಂತುರಿಗೆ ಎಲೆಯ ಮೇಲಿನ ಬಿಳುಪೂ ಹೋಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಭಾನುವಾರ ತಾತ ಬಂದರು. ಅಕ್ಕಪಕ್ಕದವರೂ ಜೊತೆಗಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕುಡಿ ಅವರ ಬಾಯಲ್ಲಿತ್ತು. ಮುಖ ಕಿವುಚಿ ಉಗಿದರು.

"ಏನಾರ ಹಾಕಿದ್ಯೇನವ್ವಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇಲ್ಲ ತಾತ" ಅಂದುಬಿಟ್ಟೆ.

ಅವರು ನಂಬಿದರು. ನಂಬಿದ್ದರಿಂದಲೇ ತಪ್ಪು ಬಾವಿಯದು ಎಂದು ತೀರ್ಮಾನಿಸಿದರು. ನಮಗೂ ಅಕ್ಕಪಕ್ಕದ ಮನೆಗಳಿಗೂ ಒಂದೇ ಬಾವಿ. ನೀರು ಕೆಟ್ಟಿದೆ, ಕುಡಿಯಬೇಡಿ ಎಂದು ಮನೆಮನೆಗೂ ಹೇಳಿ ಬಂದರು. ಬೀದಿಗೆ ಬೀದಿಯೇ ಗಾಬರಿ. ಪರೀಕ್ಷೆ ಮಾಡಿಸಿದರೆ ನೀರಿನಲ್ಲಿ ಏನೂ ದೋಷವಿಲ್ಲ. "ತಾತಂಗೆ ಅರಳುಮರಳು ಕಣ್ರೀ" ಎಂದು ಪಕ್ಕದ ಮನೆಯಾಕೆ ನಕ್ಕರು. ಜೊತೆಗೆ ನಾನೂ ನಕ್ಕೆ. ಆ ನಗುವಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ವಾರದ ಮೇಲೆ ತಾತ ಬಂದು ಗೇಟಿನ ಹೊರಗೇ ನಿಂತರು. "ನನ್ ನಾಲ್ಗೆ ಸತ್ತೋಯ್ತು ಕಣವ್ವ. ಇನ್ಮೇಕೆ ಯಾರ್ಗೂ ಏನೂ ಹೇಳಕಿಲ್ಲ." ನಿಜ ನನ್ನ ಗಂಟಲವರೆಗೆ ಬಂತು. ಆದರೆ ಸ್ಪರ್ಧೆಯಲ್ಲಿ ಗೆದ್ದ ಬಟ್ಟಲು ನಡುಮನೆಯ ಗೂಡಿನಲ್ಲಿತ್ತು, ನೋಡಲು ಬಂದ ನೆಂಟರು ಒಳಗೆ ಕೂತಿದ್ದರು... "ಕಾಫಿ ಕುಡ್ಕೊಂಡು ಹೋಗಿ ತಾತ" ಅಂದೆ, ಅಷ್ಟೇ. ಬೇಡವೆಂದು ತಲೆಯಾಡಿಸಿ ಹೋದರು.

ಮತ್ತೆ ಅವರು ನಮ್ಮ ಬೀದಿಗೆ ಬರಲಿಲ್ಲ. ಬೇಡ ಎನ್ನುವವರಿಲ್ಲದ ಮೇಲೆ ಆ ಪುಡಿ ಒಂದೊಂದೇ ಹಿತ್ತಲು ಹೊಕ್ಕಿತು.

ಯುಗಾದಿ ಕಳೆದ ಮೇಲೆ ಧೈರ್ಯ ಮಾಡಿ ಅವರ ಮನೆ ಹುಡುಕಿಕೊಂಡು ಹೋದೆ. ತಾತ ತೀರಿಕೊಂಡು ತಿಂಗಳಾಗಿತ್ತು. ಅವರ ಹೆಂಡತಿ ಮಣೆ ಹಾಕಿ ಕೂರಿಸಿದರು. "ಕಡೇಕಡೇಗೆ ಸಾರಿಗೆ ಉಪ್ಪು ಸರಿಯಾಗೈತಾ ಅಂತ್ಲೂ ನನ್ನೇ ಕೇಳೋರು ಕಣವ್ವ" ಎಂದು ಕಣ್ಣೊರೆಸಿಕೊಂಡರು. ಅವರಿಗೂ ನಿಜ ಹೇಳದೆ ಎದ್ದು ಬಂದೆ.

ಸೊಸೆ ಪೊಟ್ಟಣ ಹಿಡಿದು "ಯಾಕತ್ತೆ, ಏನಾಯ್ತು?" ಎಂದಳು. ಒಲೆ ಆರಿಸಿ, ಅವಳನ್ನು ಕೂರಿಸಿಕೊಂಡು, ಮೊದಲ ಸಲ ಎಲ್ಲವನ್ನೂ ಹೇಳಿದೆ. ಇಷ್ಟೇ ಇಷ್ಟು ಹೊತ್ತು ಸಾಕಾಯಿತು. ಅವತ್ತು ಗೇಟಿನ ಬಳಿ ಇಷ್ಟೂ ಬೇಕಿರಲಿಲ್ಲ... ನಿಮ್ಮ ನಾಲಿಗೆ ಸರಿಯಾಗೇ ಇದೆ ತಾತ ಎಂದಿದ್ದರೆ ಸಾಕಿತ್ತು.