ಹೋತದ ಎದುರು ನಿಂತ ಅತ್ತೆ

ನಮ್ಮ ಸೋದರತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಈ ಸಲದ ಚಳಿಗಾಲದಲ್ಲಿ ಒಂದು ಜ್ವರ ಬಂದು ಅವಳ ಮೂಗು ಕೆಲಸ ನಿಲ್ಲಿಸಿತು, ಕೋಪ ಮಾತ್ರ ಇದ್ದಲ್ಲೇ ಉಳಿಯಿತು. ಬೇರೆಯವರಿಗಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅತ್ತೆ ಮಕ್ಕಳ ಹಾಸ್ಟೆಲ್ಲಿನ ಅಡಿಗೆಯವಳು. ನನಗೆ ಬುದ್ಧಿ ಬಂದಾಗಿನಿಂದ ಅವಳನ್ನು ಆ ಅಡಿಗೆಮನೆಯಲ್ಲೇ ನೋಡಿದ್ದೇನೆ. ಅಲ್ಲಿನ ಮಕ್ಕಳಿಗೆ ಅವಳು ದೊಡ್ಡಮ್ಮ.

ಜ್ವರ ಬಿಟ್ಟ ದಿನ ನಾನು ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, “ಬಿಸಿನೀರಿಗೆ ಬಣ್ಣ ಹಾಕಿ ತಂದ್ಯಾ?” ಎಂದಳು. ಆಮೇಲೆ ಲೋಟದ ಮೇಲೆ ಮುಖ ಬಗ್ಗಿಸಿ ಮತ್ತೆ ಮತ್ತೆ ಮೂಸಿದಳು. ಉಪ್ಪು, ಸಿಹಿ, ಖಾರ ಗೊತ್ತಾಗುತ್ತಿತ್ತು. ವಾಸನೆ ಎಂಬುದು ಪೂರ್ತಿ ಹೋಗಿತ್ತು. ಡಾಕ್ಟರು ನೋಡಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು.

ಅತ್ತೆ ಈ ಸುದ್ದಿಯನ್ನು ನನ್ನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಹಾಸ್ಟೆಲ್ಲಿಗೆ ಹೋದಳು, ಕಿವಿಯಿಂದ ಅಡಿಗೆ ಮಾಡಲು ಶುರುಮಾಡಿದಳು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಒಂದು ಭಾನುವಾರ ಹೋಗಿ ನೋಡಿದೆ. ದೊಡ್ಡ ಬಾಣಲೆಯ ಮುಂದೆ ತಲೆ ವಾಲಿಸಿಕೊಂಡು ನಿಂತಿದ್ದಳು. ತರಕಾರಿ ಹೆಚ್ಚುವವಳು ಏನೋ ಹೇಳಲು ಬಾಯಿ ತೆರೆದರೆ ಸೌಟೆತ್ತಿ ಹೆದರಿಸುತ್ತಿದ್ದಳು.

“ಈರುಳ್ಳಿ ಮೊದಲು ಜಗಳ ಆಡುತ್ತೆ ಕಣೇ, ಆಮೇಲೆ ಗೊಣಗುತ್ತೆ,” ಎಂದು ನನ್ನ ಕಿವಿಯಲ್ಲಿ ಹೇಳಿದಳು. “ಗೊಣಗೋದು ನಿಂತಿತು ಅಂದ್ರೆ ಇಳಿಸ್ಬೇಕು.”

ಮಕ್ಕಳ ತಟ್ಟೆಗಳು ಎಂದಿನಂತೆ ಬಳಿದಿಟ್ಟ ಹಾಗೆ ಖಾಲಿಯಾಗಿ ವಾಪಸು ಬಂದವು. ನನಗಂತೂ ಅವತ್ತು ಅವಳ ಕಾಲಿಗೆ ಬೀಳಬೇಕು ಅನ್ನಿಸಿತು. ಬಿದ್ದಿದ್ದರೆ ದಾರಿಗೆ ಅಡ್ಡ ಎಂದು ಬೈಯುತ್ತಿದ್ದಳು, ಅದಕ್ಕೇ ಬೀಳಲಿಲ್ಲ.

ಆದರೆ ರಜ ಶುರುವಾಗುವ ಮುನ್ನ ಒಂದು ಬೆಳಿಗ್ಗೆ ಕಾವಲುಗಾರ ಕೂಗಿಕೊಂಡು ಅಡಿಗೆಮನೆಗೆ ನುಗ್ಗಿದ. ಗ್ಯಾಸಿನ ಪೈಪು ಸೋರುತ್ತಿತ್ತು. ಅಂಗಳದ ತನಕ ನಾತ ಹರಡಿತ್ತಂತೆ. ಅತ್ತೆ ಒಲೆಯ ಮುಂದೆ ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಳು. ಆ ದಿನ ಮನೆಗೆ ಬಂದವಳು ಊಟ ಮಾಡಲಿಲ್ಲ.

“ರುಚಿ ಕೆಟ್ರೆ ಮಕ್ಕಳು ಮುಖ ಸಿಂಡರಿಸ್ತಾವೆ, ಅಷ್ಟೆ. ಇದು ಹಾಗಲ್ಲ. ಅಡಿಗೆಮನೆ ಮೇಲೇ ಅವು ಮಲಗೋದು,” ಎಂದಳು. “ರಜ ಮುಗಿಯೋದ್ರೊಳಗೆ ಮೂಗು ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ಹಾಸ್ಟೆಲ್ ತೆರೆಯೋ ದಿನ ವಾರ್ಡನ್ ಕೈಗೆ ಬೀಗದಕೈ ಕೊಟ್ಟು ಬಂದ್ಬಿಡ್ತೀನಿ.”

ಅತ್ತೆ ಹೇಳಿದಳೆಂದರೆ ಮುಗಿಯಿತು. ರಜದುದ್ದಕ್ಕೂ ಸೋಪು, ವಿನೆಗರ್, ಸೀಮೆಎಣ್ಣೆ, ಕೊನೆಗೆ ನನ್ನ ಚಪ್ಪಲಿಯನ್ನೂ ಮೂಸಿದಳು. ಏನೂ ಬರಲಿಲ್ಲ. ರಜದ ಕೊನೆಯ ದಿನ ಉಳಿಯಿತು. ಆ ದಿನವೇ ಊರಾಚೆಯ ಬಯಲಿನಲ್ಲಿ ವರ್ಷಕ್ಕೊಮ್ಮೆ ಕೂಡುವ ಮೇಳ.

“ನಡಿ, ಹೋಗಿ ಬರೋಣ. ಇವತ್ತು ಮೂಗಿನ ಸುದ್ದಿ ಎತ್ತಿದ್ರೆ ಅಲ್ಲೇ ಬಿಟ್ಟು ಬರ್ತೀನಿ,” ಎಂದು ಶಾಲು ಹೊದ್ದು ಹೊರಟಳು.

ಮೇಳದಲ್ಲಿ ಅತ್ತೆಯ ಜತೆ ತಿರುಗುವುದೆಂದರೆ ಅದೇ ಒಂದು ಮನರಂಜನೆ. ಎತ್ತರದ ಕೋಲುಗಾಲಿನ ಮೇಲೆ ನಡೆದು ಬಂದ ವಿದೂಷಕ ಬಗ್ಗಿ ಟೋಪಿ ತೆಗೆದರೆ, “ಊಟ ಮಾಡಿದ್ಯೇನಪ್ಪ? ಅಷ್ಟು ಮೇಲಿದ್ದೀಯ, ತಲೆ ಸುತ್ತೀತು,” ಎಂದು ವಿಚಾರಿಸಿದಳು. ಉಂಗುರದೊಳಗಿಂದ ಹಾರಬೇಕಿದ್ದ ನಾಯಿ ಹಾರದೆ, ಉಂಗುರವನ್ನು ಸುತ್ತು ಹಾಕಿ ಬಂದು ಬಾಲ ಅಲ್ಲಾಡಿಸಿ ಬಿಸ್ಕತ್ತು ಕೇಳಿತು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತೊಟ್ಟಿಲು ಚಕ್ರ ಹತ್ತಿಸಿದೆ. ತುದಿಗೆ ಹೋದಾಗ ನನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡು, ಹಾಸ್ಟೆಲ್ಲಿನ ಮಾಳಿಗೆ ಕಾಣುತ್ತದೆಯೇ ಎಂದು ಹುಡುಕಿದಳು. ಕೆಳಗಿಳಿದು ಸುಟ್ಟ ಜೋಳ ತಿಂದೆವು. ಕಾಳು ಸಿಡಿಯುವ ಸದ್ದು ಕೇಳಿ ತೆನೆ ಆರಿಸಿಕೊಟ್ಟವಳು ಅವಳೇ.

ಈರುಳ್ಳಿ ಕರಿಯುವ ಅಂಗಡಿಯ ಮುಂದೆ ನಿಂತಾಗ ನಾನು ಬೇರೆಲ್ಲೋ ನೋಡುವವಳಂತೆ ಅವಳನ್ನೇ ನೋಡಿದೆ. ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡಳು. ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಆಮೇಲೆ ಬಿಟ್ಟು, “ಎಣ್ಣೆ ಇನ್ನೂ ಕಾಯ್ಬೇಕಪ್ಪ,” ಎಂದು ಅಂಗಡಿಯವನಿಗೆ ಹೇಳಿ ಮುಂದೆ ನಡೆದಳು. ಪ್ರತಿ ಅಂಗಡಿಯ ಮುಂದೆಯೂ ಹೀಗೇ ಮಾಡುತ್ತಿದ್ದಳು. ಮೂಗಿನ ಸುದ್ದಿ ಎತ್ತುವ ಹಾಗಿಲ್ಲವಲ್ಲ, ಅದಕ್ಕೆ ಐಸ್ ಕ್ಯಾಂಡಿ ಕೊಡಿಸಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪ್ರಾಣಿಗಳ ಕಡೆಗೆ ಬಂದೆವು. ಕುದುರೆ, ಕುರಿ, ಕಾಲಿಗೂ ಪುಕ್ಕವಿರುವ ಕೋಳಿಗಳು. ಸಾಲಿನ ಕೊನೆಯಲ್ಲಿ, ಬೇರೆಲ್ಲ ಪ್ರಾಣಿಗಳಿಂದ ದೂರವಾಗಿ, ಒಂದು ಕಟಕಟೆ. ಅದರೊಳಗೆ ಕರುವಿನಷ್ಟು ಎತ್ತರದ ಹೋತ, ಬಹುಮಾನದ ರಿಬ್ಬನ್ನು ಕಟ್ಟಿಕೊಂಡು, ಗಡ್ಡ ಬಿಟ್ಟುಕೊಂಡು ನಿಂತಿತ್ತು. ಅದರ ನಾತ ನಮ್ಮನ್ನು ಅರ್ಧ ದಾರಿಯಲ್ಲೇ ಎದುರುಗೊಂಡಿತು. ಜನ ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ನಾನೂ ಓಡಿದೆ. ದೂರ ಹೋಗಿ ಉಸಿರು ಬಿಟ್ಟು ತಿರುಗಿ ನೋಡಿದರೆ ಅತ್ತೆ ಜತೆಗಿಲ್ಲ.

ಹೋತದ ಎದುರು ಕಟಕಟೆ ಹಿಡಿದು ನಿಂತಿದ್ದಳು. ಹುಲ್ಲಿನ ಕಂತೆಯ ಮೇಲೆ ಕೂತು ನಿಶ್ಚಿಂತೆಯಾಗಿ ಬ್ರೆಡ್ಡು ತಿನ್ನುತ್ತಿದ್ದ ಹೋತದ ಯಜಮಾನನನ್ನು ಏನೋ ಕೇಳುತ್ತಿದ್ದಳು. ಮೂಗು ಹಿಡಿದುಕೊಂಡು ಹತ್ತಿರ ಹೋದೆ.

“ಇದು ನಾರುತ್ತೆ, ಅಲ್ವಾ?” ಅತ್ತೆ ಕೇಳಿದಳು.

ಅವನಿಗೆ ತುಸು ಬೇಜಾರಾಯಿತು. “ಹೋತ ಅಂದ್ಮೇಲೆ ನಾರದೆ ಇರುತ್ತಾ, ಅಮ್ಮ?”

“ತುಂಬಾ ನಾರುತ್ತಾ? ನಿಜ ಹೇಳು.”

“ಅದನ್ನೇನು ಕೇಳ್ತೀರಿ. ಇದನ್ನ ತಂದಾಗಿಂದ ಹೆಂಡತಿ ನನ್ನನ್ನ ಮನೆಯೊಳಗೆ ಸೇರಿಸ್ತಿಲ್ಲ.”

ಅತ್ತೆ ಇನ್ನೊಮ್ಮೆ ಉಸಿರೆಳೆದುಕೊಂಡಳು. ಮುಖ ಕಿವುಚಿಹೋಯಿತು, ಕಣ್ಣಿಂದ ನೀರು ಇಳಿಯಿತು. ಯಜಮಾನ ಗಾಬರಿಯಾಗಿ ಎದ್ದ. “ಅದು ಹಾಗೇ ಅಮ್ಮ, ಕಣ್ಣಿಗೂ ಉರಿ ಹತ್ತುತ್ತೆ. ಸ್ವಲ್ಪ ದೂರ ನಿಂತ್ಕೊಳಿ.”

“ಇಲ್ಲೇ ಇರ್ತೀನಪ್ಪ. ನೀನು ತಿನ್ನು.”

“ತಗೊಳೋ ಯೋಚನೆ ಇದ್ಯಾ? ಇದನ್ನ ಮಾರೋ ಹಾಗಿಲ್ಲ.”

“ನನಗೆ ಹೋತ ಬೇಡ,” ಎಂದಳು. ನನ್ನ ಕಡೆ ತಿರುಗಿ, “ಬಂತು ಕಣೇ,” ಎಂದಳು. ನಾನು ಮೂಗಿನಿಂದ ಕೈ ತೆಗೆದು ಅವಳನ್ನು ತಬ್ಬಿಕೊಂಡೆ. ಆ ಹೊತ್ತಿನಲ್ಲಿ ಅದು ಸಣ್ಣ ತ್ಯಾಗವೇನಲ್ಲ. ಯಜಮಾನ ನಮ್ಮಿಬ್ಬರನ್ನೂ ನೋಡಿ, ಬ್ರೆಡ್ಡು ಹಿಡಿದುಕೊಂಡು ಹಿಂದಕ್ಕೆ ಸರಿದ.

ಓಡೋಡಿ ಈರುಳ್ಳಿ ಅಂಗಡಿಗೆ ವಾಪಸು ಹೋದೆವು. ಅತ್ತೆ ಉಸಿರೆಳೆದು ತಲೆಯಾಡಿಸಿದಳು. ಇಲ್ಲ. ಜೋಳದ ಒಲೆಯ ಹತ್ತಿರವೂ ಇಲ್ಲ. ಹೂವಿನ ಗಿಡಗಳ ಹತ್ತಿರವೂ ಇಲ್ಲ. ಮತ್ತೆ ಹೋತದ ಹತ್ತಿರ ಹೋದರೆ ಮಾತ್ರ ಇತ್ತು. ಅವಳ ಮುಖ ಬಾಡಿತು.

“ಇಷ್ಟು ದೊಡ್ಡ ಹೋತ ಕಣ್ಣೆದುರಿಗಿದೆ. ನಾರ್ಬೇಕು ಅಂತ ಮನಸ್ಸೇ ನಾತ ಹುಟ್ಟಿಸ್ಕೊಂಡಿದ್ರೆ?”

“ಯಾಕೆ ಹಾಗೆ ಅಂತೀಯ ಅತ್ತೆ? ಬಂದಿದೆ ಅಂತ ನೀನೇ ಹೇಳಿದ್ಯಲ್ಲ.”

“ನನಗೆ ಬೇಕಾಗಿದ್ದನ್ನ ನಾನು ಹೇಳ್ದೆ. ಮಕ್ಕಳ ತಲೆ ಮೇಲೆ ಜೂಜಾಡಕ್ಕಾಗಲ್ಲ.”

ಬೇರೆ ಯಾರಾದರೂ ಆಗಿದ್ದರೆ ಸಿಕ್ಕ ಸಂತೋಷವನ್ನು ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಅತ್ತೆ ತನಗೇ ಸುಳ್ಳು ಹೇಳಿಕೊಳ್ಳುವವಳಲ್ಲ. ಅವಳ ಬಗ್ಗೆ ನನಗಿರುವ ಗೌರವಕ್ಕೆ ಅವಳ ಕೈರುಚಿಗಿಂತ ದೊಡ್ಡ ಕಾರಣ ಇದು. ಹೆಗಲ ಮೇಲಿದ್ದ ಶಾಲು ತೆಗೆದು ಯಜಮಾನನ ಕೈಗೆ ಕೊಟ್ಟು, “ಇದನ್ನ ಅದರ ಮೈಗೆ, ಗಡ್ಡಕ್ಕೆ ಚೆನ್ನಾಗಿ ಉಜ್ಜಿ ಕೊಡಪ್ಪ,” ಎಂದಳು. ಅವನು ಮರುಮಾತಾಡದೆ ಉಜ್ಜಿಕೊಟ್ಟ. ನಮ್ಮನ್ನು ಬೇಗ ಸಾಗಹಾಕಿದರೆ ಸಾಕು ಎನ್ನುವ ಹಾಗಿತ್ತು ಅವನ ಮುಖ.

ಬಸ್ಸಿನಲ್ಲಿ ನಮ್ಮ ಸುತ್ತಲಿನ ಸೀಟುಗಳು ಒಂದೊಂದಾಗಿ ಖಾಲಿಯಾದವು. ಅತ್ತೆ ಕಾಲು ಚಾಚಿಕೊಂಡು ಕೂತಳು.

“ಇದನ್ನ ನನ್ನ ಮಂಚದ ಹತ್ರ ಎಲ್ಲಾದ್ರೂ ಬಚ್ಚಿಡು. ಎಲ್ಲಿ ಅಂತ ನನಗೆ ಹೇಳ್ಬೇಡ,” ಎಂದಳು. “ಬೆಳಿಗ್ಗೆ ಅದು ಕಣ್ಣಿಗೆ ಕಾಣದೆಯೂ ವಾಸನೆ ಬಂದ್ರೆ, ವಾರ್ಡನ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ, ಗ್ಯಾಸಿನ ನಾತ ಗೊತ್ತಾಗೋವರೆಗೂ ರಜ ಕೇಳ್ತೀನಿ. ಬರ್ಲಿಲ್ಲ ಅಂದ್ರೆ ಬೀಗದಕೈ.”

ಅವಳು ಮಲಗಿದ ಮೇಲೆ ಶಾಲನ್ನು ದಿಂಬಿನ ಪಕ್ಕದ ಕುರ್ಚಿಯ ಕೆಳಗೆ ತುರುಕಿದೆ. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಕಾಫಿಗೆ ನೀರಿಟ್ಟೆ. ನೀರು ಕುದಿಯಿತು, ಇಳಿಸಲು ತೋಚಲಿಲ್ಲ. ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ನಿದ್ದೆಗಣ್ಣಿನ, ಸಿಟ್ಟಿನ ದನಿ ಕೇಳಿಸಿತು.

“ಥೂ, ಎಂಥ ನಾತ ಇದು! ಯಾವ ದರಿದ್ರ ಏನು ತಂದು ಹಾಕಿದೆ ಇಲ್ಲಿ?”

ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಬೇರೆಯೇ ದನಿಯಲ್ಲಿ, ಮೆಲ್ಲಗೆ, “ಮಗಳೇ, ಬಾರೇ ಇಲ್ಲಿ,” ಎಂದು ಕರೆದಳು.