ಎದುರುಮನೆ ಅಂಕಲ್ ಅವರ ನಾಲ್ವರು ಅಣ್ಣಂದಿರು

ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಹಲ್ಲುಜ್ಜುವ ಬ್ರಷ್ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ, ಗೀಟು ಎಳೆದ ಹಾಗೆ ಮಡಿಕೆ ಬಿದ್ದ ಪ್ಯಾಂಟು, ಕಸ ಹಾಕಲು ಕೆಳಗಿಳಿದರೂ ಪಾಲಿಶ್ ಮಾಡಿದ ಬೂಟು. ಇಷ್ಟೆಲ್ಲ ಶಿಸ್ತಿನ ಮಧ್ಯೆ ಆ ಬ್ರಷ್ಷು! ಅದರ ಎಳೆಗಳು ಕರ್ರಗಾಗಿದ್ದವು, ಬುಡದಲ್ಲಿ ಹಸಿರು ಪಾಚಿ. ಅವರ ಬಾಯಲ್ಲಿ ಇದ್ದದ್ದು ಕಟ್ಟಿಸಿಕೊಂಡ ಹಲ್ಲು. ಮತ್ತೆ ಆ ಬ್ರಷ್ ಯಾತಕ್ಕೆ? ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ಆ ಫ್ಲಾಟಿನ ನಾಲ್ಕನೇ ಮಹಡಿಗೆ ನಾವು ಬಂದ ಮೊದಲ ವಾರವೇ ಈ ಪ್ರಶ್ನೆ ನನ್ನ ತಲೆ ಹೊಕ್ಕಿತು.

ನನ್ನ ಬುದ್ಧಿಯೇ ಅಂಥದ್ದು ಅನ್ನಿ. ವಿಮೆ ಕಂಪನಿಯೊಂದರಲ್ಲಿ ಕ್ಲೇಮಿನ ಕಾಗದಪತ್ರ ಪರಿಶೀಲಿಸುವುದು ನನ್ನ ಕೆಲಸ. ಸಹಿ ಹೊಂದುತ್ತದೆಯೇ, ತಾರೀಖು ತಿದ್ದಿದ್ದಾರೆಯೇ, ಸತ್ತವರು ನಿಜಕ್ಕೂ ಸತ್ತಿದ್ದಾರೆಯೇ ಅಂತ ದಿನಕ್ಕೆ ಎಂಟು ಗಂಟೆ ಅನುಮಾನ ಪಡುವುದಕ್ಕೇ ನನಗೆ ಸಂಬಳ. "ಮೈಸೂರಿಂದ ಬರೋವಾಗ ಉಪ್ಪಿನಕಾಯಿ ಜೊತೆ ಅನುಮಾನಾನೂ ಒಂದು ಜಾಡಿ ತಂದಿದ್ದೀಯ ಕಣೇ," ಅಂತ ನನ್ನ ಗಂಡ ರೇಗಿಸುತ್ತಿದ್ದರು. ರೇಗಿಸಲಿ, ನನಗೇನು. ಆ ಜಾಡಿಯಿಂದಲೇ ಮನೆಯ ಅರ್ಧ ಖರ್ಚು ನಡೆಯುತ್ತಿತ್ತು.

ಅಂಕಲ್ ಮೊದಲ ದಿನವೇ ನನ್ನನ್ನು ತಂಗಚ್ಚಿ ಅಂದರು. ತಮಿಳಿನಲ್ಲಿ ತಂಗಿ ಅಂತ. ಗುರುತಿಲ್ಲ, ಪರಿಚಯವಿಲ್ಲ, ಯಾವ ಲೆಕ್ಕದಲ್ಲಿ ತಂಗಿ? "ತಂಗಚ್ಚಿ, ಈ ಲಿಫ್ಟ್ ನಂಬಬೇಡ ಲಾ, ಮೆಟ್ಟಿಲು ಹತ್ತು," ಅಂದರು. ಅವರದು ಮಾತಿನ ಕೊನೆಗೊಂದು 'ಲಾ' ಅಂಟಿಸುವ ಮಲೇಷ್ಯಾದ ತಮಿಳು, ನನ್ನದು ಕನ್ನಡ ಬೆರೆಸಿದ ಹರುಕು ತಮಿಳು. ನಮ್ಮಿಬ್ಬರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅನುಮಾನದಲ್ಲಿ ಅವರು ನನ್ನನ್ನೂ ಮೀರಿಸುವವರು. ಕೆಳಗಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಟೀ ಕುಡಿಯಲು ಕೂತರೆ ಬೆನ್ನು ಗೋಡೆಗೇ ಆನಿಸಬೇಕು. ಮಳೆ ಬಂದ ದಿನ ಮೆಟ್ಟಿಲ ಮೇಲಿನ ಹೆಜ್ಜೆ ಗುರುತು ನೋಡಿ ಯಾರು ಹತ್ತಿದ್ದಾರೆ, ಯಾರು ಇಳಿದಿಲ್ಲ ಅಂತ ಹೇಳುತ್ತಿದ್ದರು. ಬಾಗಿಲು ತಟ್ಟಿದರೆ ಒಳಗಿನಿಂದ "ಯಾರು?" ಅಂತ ಎರಡು ಸಲ ಕೇಳುವುದು ಅವರ ಪದ್ಧತಿ. ಮೊದಲನೇ ಸಲ ಹೇಳಿದ್ದು ಕೇಳಿಸಿದರೂ ಇನ್ನೊಮ್ಮೆ ಕೇಳುತ್ತಿದ್ದರು. ಯಾಕೆ ಅಂದರೆ, "ಎರಡನೇ ಸಲ ಕೇಳಿದಾಗ ಸುಳ್ಳುಗಾರನ ದನಿ ಬದಲಾಗುತ್ತೆ ತಂಗಚ್ಚಿ. ಕಾಡಲ್ಲಿ ಕಲಿತದ್ದು."

ಕಾಡು ಅಂದರೆ ಥಾಯ್ಲೆಂಡ್ ಗಡಿಯ ಕಾಡು. ತಾವು ಸೈನ್ಯದಲ್ಲಿದ್ದವರು, ಹುಡುಗ ವಯಸ್ಸಿನಲ್ಲಿ ಅಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳ ಬೆನ್ನು ಹತ್ತಿದವರು ಅಂತ ಹೇಳುತ್ತಿದ್ದರು. ನಾನು ನಂಬಲಿಲ್ಲ. ಗೋಡೆಯ ಮೇಲೆ ಒಂದು ಪದಕವಿಲ್ಲ, ಸಮವಸ್ತ್ರದ ಫೋಟೋ ಇಲ್ಲ. ಹೆಂಡತಿ ತೀರಿಹೋಗಿ, ಮಕ್ಕಳಿಲ್ಲದ ಒಂಟಿ ಮನುಷ್ಯ ಏನು ಬೇಕಾದರೂ ಹೇಳಿಕೊಳ್ಳಬಹುದು. ಮೇಲಾಗಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಬಾಟಲಿ ನೀರು, ಸಣ್ಣ ಬಣ್ಣದ ಡಬ್ಬಿ ಹಿಡಿದು ಹೋಗಿ, ಬೂಟಿಗೆ ಕೆಮ್ಮಣ್ಣು ಮೆತ್ತಿಸಿಕೊಂಡು ಬರುತ್ತಿದ್ದರು. ಎಲ್ಲಿಗೆ ಅಂದರೆ, "ಅಣ್ಣಂದಿರನ್ನ ನೋಡೋಕೆ." ಅಣ್ಣಂದಿರ ಮನೆಗೆ ಬಣ್ಣದ ಡಬ್ಬಿ ಒಯ್ಯುವವರನ್ನು ಎಲ್ಲಾದರೂ ಕಂಡಿದ್ದೀರಾ?

ಆಮೇಲೆ ಕೊರೊನಾ ಬಂತು, ಊರಿಗೆ ಊರೇ ಬೀಗ ಹಾಕಿಕೊಂಡಿತು. ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದು, ಅದೂ ಹತ್ತಿರದ ಅಂಗಡಿಗೆ. ನನ್ನ ಆಫೀಸು ಊಟದ ಮೇಜಿನ ಮೇಲೆ ಬಂದು ಕೂತಿತು, ಪ್ರಿಂಟರ್ ಸಮೇತ. ಅಂಕಲ್ ತಮ್ಮ ಬಾಲ್ಕನಿಯ ಕುಂಡದಿಂದ ಕರಿಬೇವು ಕಿತ್ತು, ಎರಡು ದಿನಕ್ಕೊಮ್ಮೆ ನಮ್ಮ ಬಾಗಿಲ ಹಿಡಿಗೆ ಕಟ್ಟಿ ಹೋಗತೊಡಗಿದರು. ಕೇಳದೇ ಕೊಟ್ಟದ್ದು ಪುಕ್ಕಟೆ ಇರುವುದಿಲ್ಲ ಅಂತ ನನ್ನ ಜೀವ ಹೇಳುತ್ತಿತ್ತು. ಹಾಗೇ ಆಯಿತು. ಒಂದು ದಿನ ಮಾಸ್ಕ್ ಹಾಕಿಕೊಂಡು, ಆರಡಿ ದೂರ ನಿಂತು, ಕೈಯಲ್ಲೊಂದು ಫೈಲು ಹಿಡಿದು ಬಂದರು.

"ತಂಗಚ್ಚಿ, ಇದನ್ನ ಸ್ಕ್ಯಾನ್ ಮಾಡಿ ಕಳಿಸಿಕೊಡ್ತೀಯಾ? ಸತ್ತ ಸೈನಿಕರ ಗೋರಿಗೆ ಸರ್ಕಾರ ಒಂದು ಕಲ್ಲು ಕೊಡುತ್ತೆ. ಹೆಸರು, ನಂಬರು, ಸೈನ್ಯದ ಗುರುತು ಕೆತ್ತಿರೋ ಕಲ್ಲು. ಈಗ ಅರ್ಜಿ ಎಲ್ಲಾ ಆನ್‌ಲೈನ್ ಅಂತೆ." ಆಮೇಲೆ ದನಿ ತಗ್ಗಿಸಿ, "ಕೌಂಟರ್ ಮುಚ್ಚಿದ್ದು ಒಳ್ಳೇದೇ ಆಯ್ತು. ಯಾರೂ ಮುಖ ನೋಡಲ್ಲ," ಅಂದರು.

ಆ ಕೊನೆಯ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. ಒಳಗೆ ಬಂದು ಫೈಲು ಬಿಚ್ಚಿದೆ. ನಾಲ್ಕು ಮರಣಪತ್ರ, ನಾಲ್ಕು ಅರ್ಜಿ. ಸತ್ತವರಲ್ಲಿ ಒಬ್ಬ ಮಲಯ, ಒಬ್ಬ ಚೀನೀ, ಒಬ್ಬ ತಮಿಳ, ಒಬ್ಬ ಸರವಾಕ್ ಕಡೆಯ ಬುಡಕಟ್ಟಿನವನು. ಅರ್ಜಿದಾರ ನಾಲ್ಕರಲ್ಲೂ ಅಂಕಲ್ಲೇ. ಸತ್ತವರಿಗೆ ಏನಾಗಬೇಕು ಎನ್ನುವ ಕಡೆ ನಾಲ್ಕರಲ್ಲೂ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ತಮ್ಮ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ಜಾತಿಯ ನಾಲ್ಕು ಜನಕ್ಕೆ ಒಬ್ಬನೇ ತಮ್ಮ! ವಾರಸುದಾರರೇ ಅರ್ಜಿ ಹಾಕಬೇಕು ಅಂತ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಸತ್ತವರ ಕಾಗದ ಗುಡ್ಡೆ ಹಾಕಿಕೊಂಡು, ಮುಖ ತೋರಿಸದೆ, ನಂಟಸ್ತಿಕೆ ಸೃಷ್ಟಿ ಮಾಡುವವರನ್ನು ನಾನು ಹದಿನೈದು ವರ್ಷದಿಂದ ನೋಡಿದ್ದೇನೆ. ಮಾರನೇ ದಿನ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ: "ಅಂಕಲ್, ಇವರು ನಿಜವಾಗ್ಲೂ ನಿಮ್ಮ ಅಣ್ಣಂದಿರಾ?"

"ಹೌದು."

ಅವರದೇ ಪದ್ಧತಿಯಂತೆ ಎರಡನೇ ಸಲ ಕೇಳಿದೆ. "ಹೌದು ಅಂದನಲ್ಲ," ಅಂದರು. ದನಿ ಒಂದಿಷ್ಟೂ ಬದಲಾಗಲಿಲ್ಲ. ಪಳಗಿದ ಆಸಾಮಿ ಅಂದುಕೊಂಡೆ. "ಸತ್ತವನ ಕಲ್ಲಿಂದ ನನಗೇನು ಸಿಗುತ್ತೆ ತಂಗಚ್ಚಿ? ತಿನ್ನೋಕಾಗುತ್ತಾ?" ಅಂತ ನಕ್ಕರು. ಇವತ್ತು ಕಲ್ಲು, ನಾಳೆ ಪೆನ್ಷನ್ನು ಅಂತ ನನ್ನ ತಲೆ ಓಡುತ್ತಿತ್ತು.

ಅರ್ಜಿಗಳನ್ನು ಕಳಿಸಿದೆ. ಅದರ ಬೆನ್ನಿಗೇ, ಹೆಸರು ಹಾಕದೆ, ಹೊಸದೊಂದು ಮೇಲ್ ಐಡಿಯಿಂದ ಅದೇ ಕಚೇರಿಗೆ ಇನ್ನೊಂದು ಮೇಲ್ ಕಳಿಸಿದೆ. ಒಬ್ಬನೇ ಮನುಷ್ಯ ನಾಲ್ಕು ಬೇರೆ ಬೇರೆ ಜನಾಂಗದವರಿಗೆ ತಮ್ಮ ಅಂತ ಹೇಳಿಕೊಂಡಿದ್ದಾನೆ, ದಯವಿಟ್ಟು ಪರಿಶೀಲಿಸಿ ಅಂತ. ಗಂಡನಿಗೆ ಹೇಳಿದ್ದಕ್ಕೆ, "ವೀಸಾ ಮೇಲೆ ಇರೋರು ನಾವು. ನಮಗ್ಯಾಕೆ ಇಲ್ಲದ ಉಸಾಬರಿ? ಹೆಸರು ಹಾಕಿಲ್ಲ ತಾನೇ?" ಅಂದರು. ಹಾಕಿರಲಿಲ್ಲ. ಅಷ್ಟರ ಮಟ್ಟಿಗೆ ಜಾಣೆ ನಾನು.

ಮೂರು ವಾರದ ಮೇಲೆ ಅಂಕಲ್ ಬಂದು ಬಾಗಿಲ ಹೊರಗೆ ನಿಂತರು. ಕೈಯಲ್ಲೊಂದು ಪತ್ರ. "ನಾಲ್ಕನ್ನೂ ತಡೆಹಿಡಿದಿದ್ದಾರೆ ತಂಗಚ್ಚಿ. ಯಾರೋ ಬರೆದಿದ್ದಾರಂತೆ, ಮೇಲ್ ಪ್ರತೀನೂ ಇಟ್ಟಿದ್ದಾರೆ. ವಿವರಣೆ ಕೊಡಬೇಕಂತೆ. ಕೊಡ್ತೀನಿ." ಮಾಸ್ಕಿನ ಮೇಲಿನ ಎರಡು ಕಣ್ಣನ್ನು ಎಷ್ಟು ನೋಡಿದರೂ ಗೊತ್ತಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಮಾರನೇ ಬೆಳಿಗ್ಗೆ ಎಂದಿನಂತೆ ಬಾಗಿಲ ಹಿಡಿಯಲ್ಲಿ ಕರಿಬೇವು ಇತ್ತು. ಇದೂ ಏನೋ ಉಪಾಯ ಇರಬೇಕು ಅಂತ ಅದನ್ನು ಎರಡು ದಿನ ಒಗ್ಗರಣೆಗೆ ಹಾಕಲಿಲ್ಲ. ಅಂಥ ಹಾಳು ಬುದ್ಧಿ ನನ್ನದು.

ನಿರ್ಬಂಧ ಸಡಿಲವಾದ ಮೇಲೆ ಒಂದು ಭಾನುವಾರ ನಾನೇ ಅವರ ಹಿಂದೆ ಬಿದ್ದೆ. "ನಿಮ್ಮ ಅಣ್ಣಂದಿರನ್ನ ನಾನೂ ನೋಡಬೇಕು," ಅಂದೆ. ಸಾಕ್ಷಿ ಹುಡುಕಲು ಹೋದವಳು ನಾನು, ಅದರಲ್ಲಿ ಮುಚ್ಚುಮರೆ ಏನು! ಅವರು ಕರೆದುಕೊಂಡು ಹೋದದ್ದು ಊರಾಚೆಯ ಸ್ಮಶಾನಕ್ಕೆ. ಅಂಕಲ್ ಹುಟ್ಟಿ ಬೆಳೆದ ರಬ್ಬರ್ ತೋಟದ ಜನ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಅವರಿಗೆಂದು ಬಿಟ್ಟ ಮೂಲೆಯಲ್ಲಿ, ಮೊಣಕಾಲುದ್ದದ ಹುಲ್ಲಿನ ಮಧ್ಯೆ, ಒಂದು ಹಲಗೆ ನೆಟ್ಟಿತ್ತು. ಅದರ ಮೇಲೆ ಬಣ್ಣದಲ್ಲಿ ಒಂದು ಹೆಸರು, ಒಂದು ನಂಬರು. ಬುಡವನ್ನು ಗೆದ್ದಲು ತಿಂದಿತ್ತು.

ಅಂಕಲ್ ಬೂಟು ಕಾಲಲ್ಲೇ ಮಂಡಿಯೂರಿ, ಜೇಬಿನಿಂದ ಬ್ರಷ್ ತೆಗೆದು, ಬಾಟಲಿಯ ನೀರು ಚಿಮುಕಿಸಿ, ಒಂದೊಂದೇ ಅಕ್ಷರದ ಪಾಚಿ ಉಜ್ಜತೊಡಗಿದರು. ಮಗುವಿನ ಹಲ್ಲುಜ್ಜುವ ಹಾಗೆ ಮೆಲ್ಲಗೆ.

"ಇವನು ಮೂರನೇ ಅಣ್ಣ," ಅಂದರು. "ಐದು ಜನ ಇದ್ವಿ ಒಂದು ತುಕಡೀಲಿ. ಯಾರಿಗೂ ಹಿಂದೆ ಮುಂದೆ ಯಾರಿಲ್ಲ. ಕಾಡಲ್ಲಿ ಒಂದು ಮಾತು ಮಾಡಿಕೊಂಡಿದ್ವಿ. ವಯಸ್ಸು ನೋಡೋ ಹಾಗಿಲ್ಲ, ಜಾತಿ ನೋಡೋ ಹಾಗಿಲ್ಲ. ಮೊದಲು ಹೋದವನೇ ಅಣ್ಣ, ಉಳಿದವನು ತಮ್ಮ. ತಮ್ಮ ಆದವನು ಗುರುತು ಕಾಯಬೇಕು. ಕಾಡಿಂದ ಎಲ್ಲರೂ ಜೀವಂತ ಬಂದ್ವಿ. ಕಾಯಿಲೆ, ಮುಪ್ಪು ಅಂತ ಒಬ್ಬೊಬ್ಬರೇ ಹೋದರು. ನಾನೇ ಎಲ್ಲರಿಗಿಂತ ಕಿರಿಯ ಆಗಿಬಿಟ್ಟೆ ಲಾ." ತಿಂಗಳಿಗೆ ನಾಲ್ಕು ಭಾನುವಾರ, ನಾಲ್ಕು ಸ್ಮಶಾನ. ಮಲಯ ಗೆಳೆಯನ ಗೋರಿಯ ಹತ್ತಿರ ಅಲ್ಲಿನವರು ತಡೆಯುತ್ತಾರೇನೋ ಅಂತ ಮೊದಮೊದಲು ಹೆದರುತ್ತಿದ್ದರಂತೆ. ಈಗ ಅವರೇ ನೀರು ತಂದುಕೊಡುತ್ತಾರಂತೆ. "ಈ ಮಳೆಗೆ ಹಲಗೆ ಎಷ್ಟು ದಿನ ತಡೆಯುತ್ತೆ? ನಾನೂ ಹೋದ ಮೇಲೆ ಬಣ್ಣ ಬಳಿಯೋರು ಯಾರು? ಕಲ್ಲಾದರೆ ತಾನೇ ನಿಂತಿರುತ್ತೆ. ಅಷ್ಟಕ್ಕೇ ಸುಳ್ಳು ಬರೆದೆ."

ನಾನು ನಮ್ಮ ಕಡೆಯ ವೀರಗಲ್ಲಿನ ಸುದ್ದಿ ಎತ್ತಿದೆ. ಮಂಡ್ಯದ ಕಡೆ ನಮ್ಮಜ್ಜಿಯ ಊರಲ್ಲಿ, ಕೆರೆಯ ಪಕ್ಕ ಒಂದು ವೀರಗಲ್ಲಿದೆ. ದನ ಕಾಯಲು ಹೋಗಿ ಕಳ್ಳರ ಕೈಯಲ್ಲಿ ಸತ್ತವನ ಕಲ್ಲಂತೆ. ಹೆಂಗಸರೆಲ್ಲ ಅದರ ಮೇಲೇ ಬಟ್ಟೆ ಉಜ್ಜುತ್ತಿದ್ದರು, ನಾನೂ ಉಜ್ಜಿದ್ದೇನೆ, ನಾಚಿಕೆಗೇಡು ಅಂದೆ. ಅಂಕಲ್ ಬ್ರಷ್ ನಿಲ್ಲಿಸಿದರು. "ನಾಚಿಕೆ ಯಾಕೆ? ಒಳ್ಳೇದೇ ಅಲ್ವಾ. ದಿನಾ ಯಾರದ್ದೋ ಕೈ ತಾಕುತ್ತೆ," ಅಂದರು.

ಅವತ್ತೇ ಹೇಳಿಬಿಡಬೇಕಿತ್ತು. ಮನೆಗೆ ಬಂದು, ನನ್ನ ದೂರು ತಪ್ಪು ತಿಳಿವಳಿಕೆಯಿಂದ ಆದದ್ದು ಅಂತ ಕಚೇರಿಗೆ ಮತ್ತೊಂದು ಮೇಲ್ ಬರೆದೆ. ಅದಕ್ಕೂ ಹೆಸರು ಹಾಕಲಿಲ್ಲ. ಉತ್ತರ ಬರಲಿಲ್ಲ. ಹೆಸರಿಲ್ಲದ ದೂರಿಗೆ ಇದ್ದ ಬೆಲೆ ಹೆಸರಿಲ್ಲದ ತಪ್ಪೊಪ್ಪಿಗೆಗೆ ಇರಲಿಲ್ಲ.

ಮುಂದಿನ ವರ್ಷ ಮತ್ತೆ ಊರು ಬಾಗಿಲು ಹಾಕಿದಾಗ, ಎರಡು ದಿನ ಕರಿಬೇವು ಬರಲಿಲ್ಲ. ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ ಒಂದು ಸಲವೂ "ಯಾರು?" ಅನ್ನಲಿಲ್ಲ. ಕಾವಲಿನವನನ್ನು ಕರೆಸಿ ಬಾಗಿಲು ತೆಗೆಸಿದರೆ, ಗೋಡೆಗೆ ಬೆನ್ನು ಆನಿಸಿ ಕೂತಲ್ಲೇ ಹೋಗಿಬಿಟ್ಟಿದ್ದರು. ಹೃದಯ ನಿಂತಿತ್ತಂತೆ. ಅವರ ತೋಟದ ದೇವಸ್ಥಾನದ ನಾಲ್ಕು ಜನ ಅಪ್ಪಣೆ ಪಡೆದು ಬಂದು, ಅದೇ ಮೂರನೇ ಅಣ್ಣನ ಪಕ್ಕ ಮಣ್ಣು ಮಾಡಿದರು. ನನಗೆ ಹೋಗಲು ಅನುಮತಿ ಸಿಗಲಿಲ್ಲ.

ಹೋಗುವ ಮುಂಚೆ ಅವರಲ್ಲೊಬ್ಬರು ಒಂದು ಚೀಲ ಕೊಟ್ಟರು. ಮೇಲೆ 'ಎದುರುಮನೆ ತಂಗಚ್ಚಿಗೆ' ಅಂತ ಚೀಟಿ ಅಂಟಿಸಿತ್ತು. ಒಳಗೆ ಆ ಬ್ರಷ್ಷು. ಅದರ ಕೆಳಗೆ ಕಲ್ಲಿನ ಅರ್ಜಿ, ಈ ಸಲ ಅವರದೇ ಹೆಸರಿಗೆ. ಸತ್ತ ತಾರೀಖಿಗೆ ಜಾಗ ಬಿಟ್ಟು, ಅರ್ಜಿದಾರರ ಹೆಸರಿಗೆ ಜಾಗ ಬಿಟ್ಟು, ಉಳಿದದ್ದೆಲ್ಲ ತಾವೇ ತುಂಬಿದ್ದರು. ಏನಾಗಬೇಕು ಎನ್ನುವ ಕಡೆ ಅದೇ ದುಂಡಗಿನ ಅಕ್ಷರ: ತಂಗಿ. ಅರ್ಜಿಯ ಹಿಂದೆ, ನಾಲ್ಕು ಮಡಿಕೆ ಮಾಡಿ ಇಟ್ಟದ್ದು ನನ್ನ ಮೇಲ್‌ನ ಪ್ರತಿ.

ಆ ನಾಲ್ಕು ಕಾಗದವನ್ನು ಒಟ್ಟಿಗೆ ನೋಡಿದ್ದವಳು ನಾನೊಬ್ಬಳೇ. ಹೆಜ್ಜೆ ಗುರುತು ನೋಡಿ ಆಳು ಹೇಳುವ ಮನುಷ್ಯನಿಗೆ ಅಷ್ಟೂ ಗೊತ್ತಾಗದೆ ಇರುತ್ತದೆಯೇ? ತಡೆಹಿಡಿದ ಪತ್ರ ಬಂದ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಒಂದು ವರ್ಷ ಕರಿಬೇವು ಕಟ್ಟಿದ್ದರು. ಆ ಚೀಲ ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಕಚೇರಿಯ ಕೌಂಟರ್ ತೆರೆದ ವಾರವೇ ಹೋದೆ. ಮುಖ ತೋರಿಸಿಯೇ ಕೊಡಬೇಕು ಅಂತ ಹಟ. ಗಾಜಿನ ಆಚೆ ತಲೆವಸ್ತ್ರ ಕಟ್ಟಿದ ಗುಮಾಸ್ತೆ ಅರ್ಜಿ ನೋಡಿದರು, ನನ್ನ ಭಾರತದ ಪಾಸ್‌ಪೋರ್ಟ್ ನೋಡಿದರು, ಮತ್ತೆ ಅರ್ಜಿ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹದಿನೈದು ವರ್ಷ ನಾನೇ ನೋಡಿದ ನೋಟ.

"ಇವರು ನಿಮಗೆ ಏನಾಗಬೇಕು?"

"ಅಣ್ಣ. ನಾನು ತಂಗಿ," ಅಂದೆ.

ಆಕೆ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು. "ಈ ಹೆಸರಿನ ಮೇಲೆ ಒಂದು ದೂರಿದೆ. ಸುಳ್ಳು ಸಂಬಂಧ ಹೇಳ್ತಾರೆ ಅಂತ. ದೂರು ಕೊಟ್ಟವರು ಯಾರೋ ಗೊತ್ತಿಲ್ಲ. ಅದು ಇತ್ಯರ್ಥ ಆಗೋವರೆಗೆ ಇವರದ್ದೂ ಆಗಲ್ಲ, ಹಿಂದಿನ ನಾಲ್ಕೂ ಆಗಲ್ಲ."

ಗಂಡನ ಮಾತು ನೆನಪಾಯಿತು, ವೀಸಾ ನೆನಪಾಯಿತು. "ದೂರು ಕೊಟ್ಟವಳು ನಾನೇ," ಅಂದೆ. ಆಮೇಲೆ ಹಲಗೆ, ಗೆದ್ದಲು, ಮೊದಲು ಹೋದವನೇ ಅಣ್ಣ ಎನ್ನುವ ಮಾತು, ಎಲ್ಲವನ್ನೂ ಹರುಕು ಮಲಯದಲ್ಲಿ, ಇಂಗ್ಲಿಷಿನಲ್ಲಿ, ಹಿಂದೆ ಸಾಲು ನಿಂತವರೆಲ್ಲ ಕೇಳುವಂತೆ ಹೇಳಿದೆ.

ಆಕೆ ಎದ್ದು ಹೋಗಿ ಕಡತ ತಂದು ಬಿಚ್ಚಿದರು. ವಾರಸುದಾರರಿಲ್ಲದ ಸೈನಿಕರಿಗೆ ಬೇರೆಯೇ ನಿಯಮವಿದೆಯಂತೆ. ಬಲ್ಲವರು ಯಾರಾದರೂ ಹೆಸರು ಹಾಕಿ ನಿಜ ಬರೆದುಕೊಟ್ಟರೆ ಸಾಕಂತೆ. ಅಂಕಲ್‌ಗೆ ಅದು ಗೊತ್ತಿರಲಿಲ್ಲ. ಅವರು ಕೊಟ್ಟ ವಿವರಣೆ ಕಡತದಲ್ಲೇ ಇತ್ತು, ನನ್ನ ದೂರು ಅದರ ಮೇಲೆ ಕೂತಿತ್ತು. ನಾನು ದೂರು ಕೊಡುವ ಬದಲು ಈ ಕಚೇರಿಯನ್ನು ಒಂದು ಪ್ರಶ್ನೆ ಕೇಳಿದ್ದರೆ, ಅವರು ನಾಲ್ಕೂ ಕಲ್ಲು ನೋಡಿಯೇ ಹೋಗುತ್ತಿದ್ದರು.

ಹೆಸರು, ಪಾಸ್‌ಪೋರ್ಟ್ ನಂಬರ್ ಹಾಕಿ ಬರೆದುಕೊಟ್ಟೆ. ಆಕೆ ಕಾಗದ ತೆಗೆದುಕೊಂಡು ಕೇಳಿದರು: "ಹಾಗಾದರೆ ಹೇಳಿ, ಇವರು ನಿಮಗೆ ಏನಾಗಬೇಕು?"

"ಅಣ್ಣ," ಅಂದೆ. ಎರಡನೇ ಸಲ ನನ್ನ ದನಿ ಬದಲಾಗಲಿಲ್ಲ.

ಕೆಲವು ತಿಂಗಳ ಮೇಲೆ ಐದು ಕಲ್ಲೂ ಬಂದವು. ಬಣ್ಣದ ಡಬ್ಬಿ ಈಗ ಬೇಡ. ಆದರೆ ಈ ಊರಿನ ಮಳೆಗೆ ಕಲ್ಲಿನ ಮೇಲೂ ಪಾಚಿ ಕಟ್ಟುತ್ತದೆ. ಬ್ರಷ್ ನನ್ನ ಕೈಚೀಲದಲ್ಲಿ, ಪೆನ್ನಿನ ಪಕ್ಕ ಇದೆ.