ಇಟ್ಟಿಗೆ ಸಾಲಿನವಳು ಚೆಂಡು ಹಿಡಿದದ್ದು

ಮೊಮ್ಮಗಳು ಪವಿತ್ರ ಇವತ್ತು ಬೆಳಿಗ್ಗೆ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ್ದಾಳೆ. ಎಲ್ಲೋ ಸಮುದ್ರದ ನಡುವಿನ ದ್ವೀಪವಂತೆ. ಅಲ್ಲಿ ಹೆಣ್ಣುಮಕ್ಕಳು ಹರಟೆ ಹೊಡೆಯುತ್ತಲೇ ನಾಲ್ಕೈದು ಕಾಯಿಗಳನ್ನು ಗಾಳಿಯಲ್ಲಿ ಆಡಿಸುತ್ತಾರೆ, ಒಂದೂ ಕೆಳಗೆ ಬೀಳುವುದಿಲ್ಲ! ಸಾರು ಉಕ್ಕುವ ತನಕ ನೋಡುತ್ತಾ ಕೂತಿದ್ದೆ.

ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿರುವ ಅವಳಿಗೂ ಅದೇ ಹುಚ್ಚು. ಭಾನುವಾರ ಪಾರ್ಕಿನಲ್ಲಿ ಹತ್ತು ಜನ ಸೇರಿ ಚೆಂಡು ಆಡಿಸುತ್ತಾರಂತೆ. ಹಾಗೆ ಆಡಿಸುತ್ತಲೇ ಓಟದ ಪಂದ್ಯ ಓಡುವವರಿದ್ದಾರಂತೆ, ಯಾವ ಚೆಂಡು ಎಷ್ಟೆತ್ತರ ಅಂತ ಅಂಕಿಯಲ್ಲಿ ಬರೆದಿಡುವವರೂ ಇದ್ದಾರಂತೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳಿಗೆ ಅಂಕಿ ಎಲ್ಲಿ ತಿಳಿಯಬೇಕು? ಆದರೆ ಎಸೆಯುವುದು, ಹಿಡಿಯುವುದು ನನಗೆ ಗೊತ್ತು ಸ್ವಾಮಿ.

ಬೇತಮಂಗಲದ ರಸ್ತೆಯ ಇಟ್ಟಿಗೆ ಗೂಡಿನಲ್ಲಿ ನಾವು ಹೆಂಗಸರು ಸಾಲಾಗಿ ನಿಲ್ಲುತ್ತಿದ್ದೆವು. ಎಡಗಡೆಯಿಂದ ಬಂದ ಇಟ್ಟಿಗೆಯನ್ನು ಹಿಡಿದು ಬಲಗಡೆಗೆ ಎಸೆಯಬೇಕು. ಇಟ್ಟಿಗೆ ನೋಡಬಾರದು, ಎಸೆಯುವವಳ ಕೈ ನೋಡಬೇಕು. ಹಿಡಿಯುವಾಗ ಕೈ ಚೂರು ಹಿಂದಕ್ಕೆ ಬಿಡಬೇಕು, ಇಲ್ಲದಿದ್ದರೆ ಬೆರಳು ಹೋಯಿತು ಅಂತಲೇ ಲೆಕ್ಕ. ನನ್ನ ಬಲಕ್ಕೆ ಯಾವಾಗಲೂ ಮುನಿರತ್ನಮ್ಮ. "ಅದೇನ್ ಮೊಟ್ಟೆಯೇನೇ, ಅಷ್ಟ್ ಮೆಲ್ಲುಗೆ ಎಸೀತೀಯ?" ಅಂತ ದಿನವೂ ಹಂಗಿಸುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷ. ನಮ್ಮ ಯಜಮಾನರು ಅದಕ್ಕೂ ಮುಂಚೆ. ಬಂಗಾರಪೇಟೆಯ ಈ ಬಾಡಿಗೆ ಮನೆಯಲ್ಲಿ ಕೆಲವು ದಿನ ಸಂಜೆಯಾದರೂ ನಾನು ಬಾಯಿಬಿಟ್ಟು ಒಂದು ಮಾತಾಡಿರುವುದಿಲ್ಲ.

ಹೋದ ತಿಂಗಳು ಪವಿತ್ರ ಬಂದಿದ್ದಳು. ರಾಗಿ ತುಂಬಿ ತಾನೇ ಹೊಲಿದ ಚೆಂಡು ಹಿಡಿದು ಓಣಿಯಲ್ಲಿ ನನ್ನೆದುರು ನಿಂತು ಎಸೆದಳು. ಹಿಡಿದೆ! ಹಿಡಿದವಳೇ ಬಲಕ್ಕೆ ತಿರುಗಿ ಬೀಸಿದೆ. ಅಲ್ಲಿ ಯಾರಿದ್ದಾರೆ? ಚೆಂಡು ಸೀದಾ ಹೋಗಿ ಗೋಡೆಗೆ ಬಡಿಯಿತು.

"ಅಯ್ಯೋ ಅಜ್ಜಿ, ಯಾರ್ಗ್ ಎಸ್ದೆ?"

"ಮುನಿರತ್ನಂಗೆ" ಅಂದುಬಿಟ್ಟೆ.

ಅವಳು ನಗಲಿಲ್ಲ. ಚೆಂಡು ಹೆಕ್ಕಿ, ಧೂಳು ಕೊಡವಿ ತಂದಳು. "ಬಲ್ಗಡೆ ಬ್ಯಾಡ, ನನ್ಗೇ ವಾಪಸ್ ಎಸಿ. ನಾನ್ ಇಲ್ಲೇ ಇದೀನಿ ಕಣಜ್ಜಿ."

ಅಷ್ಟು ವರ್ಷದ ಕೈ, ಮಾತು ಕೇಳುತ್ತದೆಯೇ? ಮತ್ತೆರಡು ಸಲ ಗೋಡೆಗೇ ಹೋಯಿತು. ನಾಲ್ಕನೆಯದು ಅವಳ ಕೈಗೆ ಹೋಗಿ, ತಿರುಗಿ ನನ್ನ ಕೈಗೆ ಬಂತು. ಲಕ್ಷಾಂತರ ಇಟ್ಟಿಗೆ ಎಸೆದವಳು ನಾನು, ಒಂದಾದರೂ ನನ್ನ ಹತ್ತಿರ ವಾಪಸ್ ಬಂದದ್ದುಂಟೇ? ಓಣಿಯಲ್ಲೇ ಕುಣಿಯುವುದೊಂದು ಬಾಕಿ. ಮಾರನೆಯ ದಿನ ಅವಳು ರೈಲು ಹತ್ತಿದಳು, ಚೆಂಡು ನನಗೇ ಬಿಟ್ಟಳು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ, ಅಷ್ಟೇ. ಒಬ್ಬಳೇ ಯಾರಿಗೆ ಎಸೆಯಲಿ?

ಇವತ್ತು ಆ ದ್ವೀಪದ ಹೆಂಗಸರನ್ನು ನೋಡಿದ ಮೇಲೆ ಕೈ ಸುಮ್ಮನಿರಲಿಲ್ಲ. ಚಿನ್ನದ ಗಣಿಯ ಊರಿಗಾಂನಿಂದ ಬಂದು ಎದುರು ಮನೆ ಸೇರಿರುವ ಸೆಲ್ವಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ವಾರಿಗೆಯವಳು. ಎಂಟು ತಿಂಗಳಲ್ಲಿ ಮುಖ ನೋಡಿದ್ದೇವೆ, ಮಾತಿಲ್ಲ. ಚೆಂಡು ಹಿಡಿದು ಹೊಸ್ತಿಲು ದಾಟಿದೆ. ಹಿಡಿಯದೆ ಒಳಗೆ ಎದ್ದುಹೋದರೆ?

"ಸೆಲ್ವಮ್ಮಾ, ಪುಡಿ!" ಅಂತ, ಹಿಡಿ ಅನ್ನುವುದನ್ನು ನನಗೆ ಬರುವ ತಮಿಳಿನಲ್ಲಿ ಕೂಗಿ ಎಸೆದೇಬಿಟ್ಟೆ.

ಮೊರ ಕೆಳಗಿಟ್ಟವಳೇ ಎರಡೂ ಕೈಯಲ್ಲಿ ಹಿಡಿದಳು. ಚೆಂಡನ್ನೂ ನನ್ನನ್ನೂ ನೋಡಿದಳು.

"ಎನ್ನಮ್ಮಾ, ಈ ವಯಸ್ಸಲ್ಲಿ ಚೆಂಡಾಟ ಕೇಳ್ತದಾ ನಿಂಗೆ?" ಅಂದು, ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. "ಸರಿಯಾಗ್ ನಿಂತ್ಕೋ!"